ಯಾರ ಮಾತಿಗೆ ನಾನು ನಿಲ್ಲಬೇಕಿತ್ತು

ನಾನು ಕಟ್ಟಡದ ಕೆಲಸದಲ್ಲಿ ಸರಕು ಮೇಲೇರಿಸುವ ಲಿಫ್ಟ್. ಆಫೀಸುಗಳಲ್ಲಿ ಕನ್ನಡಿ ಹಚ್ಚಿಕೊಂಡು ಜನರನ್ನು ಹೊತ್ತೊಯ್ಯುವ ಲಿಫ್ಟ್ ಅಲ್ಲ. ನನಗೆ ಬಾಗಿಲಿಲ್ಲ, ದೀಪವಿಲ್ಲ. ಒಂದು ಮೋಟಾರು, ಒಂದು ಬ್ರೇಕು, ಡ್ರಮ್ಮಿಗೆ ಸುತ್ತಿದ ಉಕ್ಕಿನ ಹಗ್ಗ, ಅದರ ತುದಿಗೆ ಇಟ್ಟಿಗೆ, ಗಾರೆ ತುಂಬುವ ತೊಟ್ಟಿಲು. ಹುಬ್ಬಳ್ಳಿಯ ವರ್ಕ್‌ಶಾಪೊಂದರಲ್ಲಿ ನನ್ನನ್ನು ಬೆಸೆದರು. ಬಳಿದ ಹಳದಿ ಬಣ್ಣ ಪೂರ್ತಿ ಒಣಗುವ ಮೊದಲೇ ಗದಗಿನ ಗುತ್ತಿಗೆದಾರ ಕೊಟ್ರಪ್ಪನವರು ನನ್ನನ್ನು ಲಾರಿಗೆ ಹೇರಿಸಿದರು.

ನನ್ನನ್ನು ನಡೆಸುತ್ತಿದ್ದವನು ರಾಜೇಸಾಬ. ಮಾತು ಕಡಿಮೆ, ಕೈ ಬಲು ಮೆದು. ಅವನು ಬ್ರೇಕು ಒತ್ತಿದರೆ ಗಾರೆಯ ಬುಟ್ಟಿ ಕೂಡ ಅಲುಗುತ್ತಿರಲಿಲ್ಲ. ಹೀಗೆ ಮೂರು ಕಟ್ಟಡ ಮುಗಿಸಿದೆವು.

ನಾಲ್ಕನೆಯದು ಬಸ್‌ಸ್ಟ್ಯಾಂಡಿನ ಹಿಂದಿನ ಐದಂತಸ್ತಿನ ಕಟ್ಟಡ. ಆ ಹೊತ್ತಿಗೆ ಕೊಟ್ರಪ್ಪನವರಿಗೂ ಕಟ್ಟಡ ಕಾರ್ಮಿಕರ ಸಂಘಕ್ಕೂ ಮಾತು ಬಿಟ್ಟುಹೋಗಿತ್ತು. ಸಂಘದ ಕಾರ್ಯದರ್ಶಿ ಗಾಳೆಪ್ಪ ಹಿಂದೆ ಅವರ ಬಳಿಯೇ ಗೌಂಡಿಯಾಗಿದ್ದವನು. ಒಂದು ಮುಷ್ಕರದ ನಂತರ ಅವನು ಗೇಟು ದಾಟುವಂತಿರಲಿಲ್ಲ. ದಿನಾ ಸಂಜೆ ಹೊರಗೆ ನಿಂತು ಕೆಲಸದವರಿಗೆ ಕರಪತ್ರ ಹಂಚುತ್ತಿದ್ದ. ಗೇಟು ನನ್ನಿಂದ ಹತ್ತು ಹೆಜ್ಜೆ. ಎರಡೂ ಕಡೆಯ ಬೈಗುಳ ನನಗೆ ಕೇಳಿಸುತ್ತಿತ್ತು.

ಒಂದು ಗುರುವಾರ ರಾಜೇಸಾಬ ನನ್ನ ಹಗ್ಗದ ಎಳೆಗಳು ಹರಿದಿರುವುದನ್ನು ಕಂಡ. ನನಗೆ ಅದು ಮೊದಲೇ ಗೊತ್ತಿತ್ತು. ಭಾರ ಬಿದ್ದಾಗಲೆಲ್ಲ ಚಟ್ ಎನ್ನುತ್ತಿತ್ತು. ಹೇಳಲು ನನಗೆ ಬಾಯಿಲ್ಲ.

"ಸಾವ್ಕಾರ್ರ, ಹಗ್ಗ ಬದಲಿ ಮಾಡ್ಬೇಕ್ರಿ" ಎಂದ ಅವನು.

"ಈ ಸ್ಲ್ಯಾಬ್ ಒಂದು ಮುಗೀಲಿ ತಡಿಯೋ" ಎಂದರು ಕೊಟ್ರಪ್ಪನವರು. "ಈಗ ನಿಲ್ಸಿದ್ರ, ಸಂಘದವರು ನಮಗ ಅಂಜಿ ನಿಲ್ಸಿದ ಅಂತಾರ."

ಸಂಜೆ ಅವನು ಗೇಟಿನ ಹೊರಗೆ ಗಾಳೆಪ್ಪನಿಗೂ ಹೇಳಿದ. ಗಾಳೆಪ್ಪನ ಕಣ್ಣು ಹೊಳೆಯಿತು.

"ಚಲೋ ಆತು ಹೇಳಿದ್ದು. ಸೋಮವಾರ ಲೇಬರ್ ಸಾಹೇಬರ ಮುಂದ ಮಾತುಕತಿ ಐತಿ, ಅಲ್ಲೇ ಇದನ್ನ ತಗೀತೀನಿ. ಅಲ್ಲಿತನಕ ಯಾರ ಮುಂದೂ ಬಾಯಿ ಬಿಡಬ್ಯಾಡ."

ಸೋಮವಾರದ ತನಕ ಹಗ್ಗ ತಡೆಯಲಿಲ್ಲ. ಶನಿವಾರ ಹನ್ನೊಂದು ಗಂಟೆಗೆ ಹರಿಯಿತು. ರಾಜೇಸಾಬ ಬ್ರೇಕು ಒತ್ತಿದ. ಹಗ್ಗವೇ ಇಲ್ಲದ ತೊಟ್ಟಿಲಿಗೆ ಬ್ರೇಕು ಏನು ಮಾಡೀತು? ಕೆಳಗೆ ಚೆಲ್ಲಿದ ಇಟ್ಟಿಗೆ ಆರಿಸಲು ಕೂಲಿಯಾಳು ದುರ್ಗಪ್ಪ ಬಗ್ಗಿದ್ದ. ಅವನು ಮತ್ತೆ ಮೇಲೇಳಲಿಲ್ಲ. ಅವನ ಹೆಂಡತಿ ಹನುಮವ್ವ ಮೂರನೇ ಅಂತಸ್ತಿನಲ್ಲಿ ತೊಟ್ಟಿಲು ಬರುವುದನ್ನೇ ಕಾಯುತ್ತ ನಿಂತಿದ್ದಳು.

ಕೆಲಸ ನಿಂತಿತು. ಕೊಟ್ರಪ್ಪನವರು ನಡೆಸುವವನ ತಪ್ಪು ಎಂದರು. ಗಾಳೆಪ್ಪ ಗೇಟಿನ ಮುಂದೆ ಘೋಷಣೆ ಕೂಗಿಸಿದ. ಎಂಟನೆಯ ದಿನ ಕಾರ್ಮಿಕ ಇಲಾಖೆಯ ಅಧಿಕಾರಿ ಇಬ್ಬರನ್ನೂ ನನ್ನ ಬಳಿಗೇ ಕರೆತಂದು, ಹಗ್ಗದ ವಿಷಯ ಯಾರಿಗೆ ಹೇಳಿದ್ದೆ ಎಂದು ರಾಜೇಸಾಬನನ್ನು ಕೇಳಿದರು. ಅವನು ತಲೆ ತಗ್ಗಿಸಿ ಒಂದೇ ಮಾತು ಹೇಳಿದ: "ಇಬ್ರಿಗೂ ಹೇಳಿದ್ನಿರಿ."

ಗಾಳೆಪ್ಪ ಇಟ್ಟಿಗೆಯ ರಾಶಿಯ ಮೇಲೆ ಕುಸಿದು ಕುಳಿತ. ಕೊಟ್ರಪ್ಪನವರು ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು. ದೂರದಲ್ಲಿ ನಿಂತಿದ್ದ ಹನುಮವ್ವ ಹತ್ತಿರ ಬಂದಳು.

"ನಿಮ್ಮಾಗ ಒಬ್ರರ ಇನ್ನೊಬ್ರ ಕೂಡ ಮಾತಾಡಿದ್ರ ನನ್ನ ಗಂಡ ಉಳೀತಿದ್ದ."

ಅಂದು ಅಲ್ಲೇ ಸಿಮೆಂಟ್ ಚೀಲಗಳ ಮೇಲೆ ಕುಳಿತು ಅವರಿಬ್ಬರೂ ತಪ್ಪು ಇಬ್ಬರದೆಂದು ಒಪ್ಪಿ ಕರಾರು ಬರೆದರು. ದಿನಾ ಮುಂಜಾನೆ ಗುತ್ತಿಗೆದಾರರ ಕಡೆಯ ಒಬ್ಬರು, ಸಂಘದ ಒಬ್ಬರು ಕೂಡಿ ನನ್ನನ್ನು ನೋಡಬೇಕು. ಯಾರೊಬ್ಬರು ಬೇಡವೆಂದರೂ ನಾನು ನಿಲ್ಲಬೇಕು. ಸಂಘದ ಕಡೆಯಿಂದ ಯಾರು ಎಂಬ ಮಾತು ಬಂದಾಗ ಹನುಮವ್ವ, "ನಾ ನೋಡ್ತೀನಿ" ಎಂದಳು.

"ನಿನಗ ಓದಾಕ ಬರೂದಿಲ್ಲಲ್ಲ, ತಂಗಿ" ಎಂದ ಗಾಳೆಪ್ಪ.

"ಹಗ್ಗ ನೋಡಾಕ ಓದೂದು ಯಾಕ ಬೇಕಣ್ಣ?"

ಅವಳು ಪ್ರತಿದಿನ ನನ್ನ ಹೊಸ ಹಗ್ಗದ ಉದ್ದಕ್ಕೂ ಹತ್ತಿಯ ಬಟ್ಟೆ ಎಳೆಯುತ್ತಿದ್ದಳು. ಎಳೆ ಹರಿದಿದ್ದರೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಒಂದು ಗೇಣನ್ನೂ ಬಿಡುತ್ತಿರಲಿಲ್ಲ. ಅವಳ ಕೈಯಡಿ ನನಗೆ ನಾಚಿಕೆಯಾಗುತ್ತಿತ್ತು.

ಕೊನೆಯ ಸ್ಲ್ಯಾಬಿನ ದಿನ ಬಟ್ಟೆ ಸಿಕ್ಕಿಕೊಂಡಿತು. ಕಾಂಕ್ರೀಟ್ ಕಲಸಿಯಾಗಿತ್ತು. ನಲವತ್ತು ಜನ ಬುಟ್ಟಿ ಹಿಡಿದು ನಿಂತಿದ್ದರು. ಇವತ್ತಿನ ಕೆಲಸ ಹೋಯಿತೆಂದು ಸಂಘದವರೇ ಅವಳ ಮೇಲೆ ರೇಗಿದರು. ಗಾಳೆಪ್ಪನೂ ಸಣ್ಣ ದನಿಯಲ್ಲಿ, "ಈ ಸ್ಲ್ಯಾಬ್ ಒಂದು ಮುಗೀಲಿ, ತಂಗಿ" ಎಂದ.

ಕೊಟ್ರಪ್ಪನವರು ಬಂದು ಹಗ್ಗದ ಮೇಲೆ ಕೈಯಾಡಿಸಿದರು. ಮುರಿದ ಎಳೆ ಬೆರಳಿಗೆ ಚುಚ್ಚಿತು. ತಾವೇ ಹೋಗಿ ಸ್ವಿಚ್ ಆರಿಸಿದರು.

"ಗಾಳೆಪ್ಪ, ಆ ಮಾತು ನಂದು. ನೀ ಆಡಬ್ಯಾಡ."

ಕಲಸಿದ ಕಾಂಕ್ರೀಟ್ ಮಧ್ಯಾಹ್ನದ ಹೊತ್ತಿಗೆ ಬಂಡೆಯಾಯಿತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಆದರೆ ಸಂಜೆ ಎಲ್ಲರೂ ತಮ್ಮ ಕಾಲ ಮೇಲೆ ನಡೆದೇ ಮನೆಗೆ ಹೋದರು.

ಈಗ ನನ್ನ ಮೋಟಾರು ಬಿಚ್ಚಿದ್ದಾರೆ. ಕೊಟ್ರಪ್ಪನವರ ಗೋದಾಮಿನ ಅಂಗಳದಲ್ಲಿ ತುಕ್ಕು ಹಿಡಿಯುತ್ತಿದ್ದೇನೆ. ಅವರೂ ಗಾಳೆಪ್ಪನೂ ಈಗಲೂ ಕೂಲಿಗಾಗಿ ಮೇಜು ಗುದ್ದಿ ಜಗಳವಾಡುತ್ತಾರೆ, ಆದರೆ ಒಂದೇ ಕೋಣೆಯಲ್ಲಿ ಕುಳಿತು. ತಪ್ಪನ್ನು ಅವರಿಬ್ಬರೂ ಆ ಕರಾರಿನ ಕಾಗದದ ಮೇಲೆ ಹಂಚಿಕೊಂಡರು. ರಾಜೇಸಾಬನ ಪಾಲನ್ನು ಹಂಚಿಕೊಳ್ಳಲು ಯಾರೂ ಬರಲಿಲ್ಲ. ಅವನು ಮತ್ತೆ ಸ್ವಿಚ್ ಮುಟ್ಟಲಿಲ್ಲ. ಇಲ್ಲೇ ಕಾವಲಿಗಿದ್ದಾನೆ. "ಬಂದ್ ಮಾಡೂದು ನನ್ನ ಕೈಯಾಗ ಇತ್ತು" ಎಂದು ಒಮ್ಮೊಮ್ಮೆ ನನಗೊಬ್ಬನಿಗೇ ಹೇಳುತ್ತಾನೆ.

ಹನುಮವ್ವ ಕೊಟ್ರಪ್ಪನವರ ಬೇರೆ ಕಟ್ಟಡದ ಲಿಫ್ಟ್ ನೋಡಲು ಹೋಗುವ ಮುನ್ನ ಸಾಮಾನಿನ ಕೋಣೆಯ ಕೀಲಿಗಾಗಿ ಮುಂಜಾನೆ ಇಲ್ಲಿಗೆ ಬರುತ್ತಾಳೆ. ರಾಜೇಸಾಬ ಕೀಲಿಯನ್ನು ನನ್ನ ಡ್ರಮ್ಮಿನ ಮೇಲಿಟ್ಟು ಸರಿದು ನಿಲ್ಲುತ್ತಾನೆ. ಅವಳು ಅಲ್ಲಿಂದ ಎತ್ತಿಕೊಳ್ಳುತ್ತಾಳೆ. ಕೈಯಿಂದ ಕೈಗೆ ಅದು ಇನ್ನೂ ಹೋಗಿಲ್ಲ.