ಕಿವಿಬಟ್ಟಲು

“ಗನಿಭಾಯ್, ಇದರಾಗ ಯಾರೋ ಉಸಿರಾಡಾಕತ್ತಾರ” ಎಂದು ಮೆಹಬೂಬ ಕೂಗಿದ ರಭಸಕ್ಕೆ ಎದುರಿನ ಅಂಗಡಿಯಲ್ಲಿ ಬಳೆ ಇಡಿಸಿಕೊಳ್ಳುತ್ತಿದ್ದ ಹೆಂಗಸು ಬೆಚ್ಚಿ ಕೈ ಎಳೆದುಕೊಂಡಳು. ಓಣಿಯಲ್ಲಿ ಹೊರಟಿದ್ದ ಟಾಂಗಾದವನು ಲಗಾಮು ಜಗ್ಗಿ ಹೊರಳಿ ನೋಡಿದ. ತಾನು ಕೂಗಿದೆನೆಂಬುದು ಮೆಹಬೂಬನೊಬ್ಬನಿಗೇ ಗೊತ್ತಿರಲಿಲ್ಲ. ಅವನ ಎರಡೂ ಕಿವಿಗಳ ಮೇಲೆ ಅಂಗೈಯಗಲದ ಎರಡು ಕರಿಯ ಬಟ್ಟಲುಗಳು ಕವುಚಿ ಕುಳಿತಿದ್ದವು, ಒಳಗೆ ಟೇಪಿನ ಹಾಡು ನಡೆದಿತ್ತು.

ಅಬ್ದುಲಗನಿ ಎದ್ದು ಬಂದು ಒಂದು ಬಟ್ಟಲನ್ನು ಸರಿಸಿ, ಮೆಲ್ಲಗೆ ಮಾತಾಡು, ಇದು ಬಜಾರು ಎಂದ. ಬಿಜಾಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಅವನದು ರೇಡಿಯೋ, ಗಡಿಯಾರ ರಿಪೇರಿಯ ಅಂಗಡಿ. ಕುವೈತಿನಿಂದ ಬಂದವನೊಬ್ಬ ಟೇಪ್ ರೆಕಾರ್ಡರ್ ಮಾರುವಾಗ ಈ ಹೆಡ್‌ಫೋನನ್ನೂ ಅವನ ತಲೆಗೆ ಕಟ್ಟಿ ಹೋಗಿದ್ದ. ಬೆಲೆ ಏಳುನೂರು ರೂಪಾಯಿ. ಸಾಲಿ ಮಾಸ್ತರನೊಬ್ಬ ಎರಡು ತಿಂಗಳು ಹುಡುಗರನ್ನು ಬಡಿದರೆ ಬರುವ ಪಗಾರ ಅದು. ಅಷ್ಟು ಕೊಟ್ಟು ತಗೊಂಡದ್ದು ಸರಿಯೋ ತಪ್ಪೋ ಎಂದು ಅಬ್ದುಲಗನಿಗೆ ಊಟ ಸೇರುತ್ತಿರಲಿಲ್ಲ. ಅದಕ್ಕೇ ಟಿಕೋಟಾದಿಂದ ಮೆಹಬೂಬನನ್ನು ಕರೆಸಿದ್ದ. ರಸ್ತೆಯಲ್ಲಿ ಹೋಗುತ್ತಲೇ ಯಾರ ಮನೆಯ ರೇಡಿಯೋದಲ್ಲಿ ಯಾವ ವಾಲ್ವು ಸೋತಿದೆಯೆಂದು ಹೇಳಬಲ್ಲ ಕಿವಿ ಸುತ್ತ ಹತ್ತೂರಿನಲ್ಲಿ ಇನ್ನೊಂದಿರಲಿಲ್ಲ.

“ಎಂಟ ದಿನ ಮನಿಗಿ ಒಯ್ಯಿ. ಮುಂದಿನ ಶುಕ್ರವಾರ ಜುಮ್ಮಾಕ ಬಂದು ಇದು ಆ ರೊಕ್ಕಕ್ಕ ಯೋಗ್ಯ ಐತೋ ಇಲ್ಲೋ ಹೇಳು. ಯೋಗ್ಯ ಇತ್ತಂದ್ರ ರೊಕ್ಕ ಕೊಟ್ಟು ನೀನ ಇಟ್ಕೋ. ಇಲ್ಲಂದ್ರ ಹತ್ತಿ ಸಾವಕಾರನ ಮಗ ಕೇಳ್ಯಾನ, ಅವನ ಕೊಳ್ಳಿಗಿ ಕಟ್ಟತೀನಿ” ಎಂದ ಅಬ್ದುಲಗನಿ. ಮೆಹಬೂಬ ಆ ವಸ್ತುವನ್ನು ಹೆಗಲ ಟವೆಲ್ಲಿನಲ್ಲಿ ಸುತ್ತಿಕೊಂಡು, ಮೊಟ್ಟೆ ಒಯ್ಯುವವನಂತೆ ಬಸ್ಸು ಹತ್ತಿದ.

ಟಿಕೋಟಾದಲ್ಲಿ ಮೆಹಬೂಬನದು ಮೈಕ್ ಸೆಟ್ಟಿನ ಧಂದೆ. ಮದುವೆ, ಕುಬಸ, ಉರುಸು, ಚುನಾವಣೆ, ಯಾವುದಕ್ಕಾದರೂ ಅವನ ಭೋಂಗಾಗಳು, ಆ ತುತ್ತೂರಿ ಬಾಯಿಯ ಲೌಡ್‌ಸ್ಪೀಕರುಗಳು, ಬೇವಿನ ಮರ ಏರಬೇಕು. ಧಂದೆಗೆ ಹೆಂಡತಿಯ ಹೆಸರನ್ನೇ ಇಟ್ಟಿದ್ದ: ‘ಸಬೀರಾ ಸೌಂಡ್ ಸರ್ವಿಸ್’. ಪ್ರತಿಯೊಂದು ಭೋಂಗಾದ ತುಟಿಯ ಮೇಲೂ ಕೆಂಪು ಬಣ್ಣದಲ್ಲಿ ಅವಳ ಹೆಸರಿತ್ತು. ಈ ಧಂದೆಯಲ್ಲಿ ಒಳ್ಳೆಯ ಸೌಂಡು ಎಂದರೆ ಎಷ್ಟು ಊರಿಗೆ ಕೇಳಿತು ಎಂಬುದೊಂದೇ ಲೆಕ್ಕ. ಮೆಹಬೂಬನದು ಎರಡೂರಿನ ಸೆಟ್ಟು ಎಂದು ಹೆಸರಾಗಿತ್ತು. ಈ ವರ್ಷ ಬಬಲೇಶ್ವರದ ಕಾಸಿಮಸಾಬ ಹೊಸ ಭೋಂಗಾ ತಂದು ಮೂರೂರಿನವನಾಗಿ ಕುಳಿತಿದ್ದ. ಅವನ ಸೊಕ್ಕು ಮುರಿಯಲೆಂದೇ ಮೆಹಬೂಬ ಎರಡು ಹೊಸ ಭೋಂಗಾಕ್ಕೆ ರೊಕ್ಕ ಕೂಡಿಸಿ ಟ್ರಂಕಿನಲ್ಲಿಟ್ಟಿದ್ದ. ಅದು ಸರಿಯಾಗಿ ಏಳುನೂರರ ಹತ್ತಿರ ಇತ್ತು. ಸೈತಾನ ಬೆಲೆ ಕಟ್ಟುವಾಗ ಗಿರಾಕಿಯ ಟ್ರಂಕು ನೋಡಿಯೇ ಕಟ್ಟುತ್ತಾನೆ.

ಮನೆಗೆ ಬಂದವನೇ ಪಡಸಾಲೆಯಲ್ಲಿ ಕುಳಿತು ಆಂಪ್ಲಿಫೈಯರಿನ ಹಿಂದೆ ಒಂದು ಸಾಕೆಟ್ಟು ಬೆಸೆದ. ಮದುವೆಯಲ್ಲಿ ಹಚ್ಚುವ ಹಳೆಯ ಶಹನಾಯಿ ರಿಕಾರ್ಡು ಹಾಕಿ, ಬಟ್ಟಲುಗಳನ್ನು ಕಿವಿಗೇರಿಸಿದ. ಆ ರಿಕಾರ್ಡನ್ನು ಅವನು ಹದಿನೈದು ವರ್ಷದಿಂದ ಎಷ್ಟು ಮದುವೆಯಲ್ಲಿ ತಿರುಗಿಸಿದ್ದನೋ ದೇವರಿಗೇ ಗೊತ್ತು. ಆದರೆ ಅದರೊಳಗೆ ಊದುವ ಮನುಷ್ಯನೊಬ್ಬನಿದ್ದಾನೆಂದು ಗೊತ್ತಾದದ್ದು ಅವತ್ತೇ. ಸ್ವರ ಹತ್ತುವ ಮುಂಚೆ ಅವನು ಮೂಗಿನಿಂದ ಉಸಿರೆಳೆದುಕೊಳ್ಳುತ್ತಿದ್ದ. ಬೆರಳು ತೂತು ಮುಚ್ಚುವ ಸಪ್ಪಳವೂ ಕೇಳುತ್ತಿತ್ತು. ನಡುವೆ ಒಮ್ಮೆ ಹಿಂದೆ ಕುಳಿತವರಾರೋ ಸಣ್ಣಗೆ ಕೆಮ್ಮಿದರು. ಮೆಹಬೂಬನ ಕಣ್ಣು ತುಂಬಿ ಬಂದವು. ಇಷ್ಟು ದಿನ ಮಂದಿಯ ಕಿವಿಗೆ ತಾನು ಬರೀ ಗರಸು ಸುರಿದೆನಲ್ಲ ಎಂದುಕೊಳ್ಳುತ್ತ ರಿಕಾರ್ಡಿನ ಮುಳ್ಳನ್ನು ಮತ್ತೆ ಮೊದಲಿಗೆ ಇಟ್ಟ.

ಅವತ್ತಿನಿಂದ ಅವನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕುಂತಲ್ಲಿ ಕೂಡಲಾಗಲಿಲ್ಲ. ಹಾಕಿಕೊಂಡರೆ ತೆಗೆಯಲು ಮನಸ್ಸಿಲ್ಲ, ತೆಗೆದರೆ ಹೊರಗಿನದೆಲ್ಲ ಒರಟು. ಬಸ್‌ಸ್ಟ್ಯಾಂಡಿಗೆ ಹೋಗಿ ಚಹಾ ಹೇಳುವನು, ಕುಡಿಯದೆ ಎದ್ದು ಬರುವನು. ಚಹಾದಂಗಡಿಯ ಸಾಬಣ್ಣ ವಿಷಯವನ್ನೆಲ್ಲ ಕೇಳಿಕೊಂಡು, ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಕ್ಕ. ಒಬ್ಬನಿಗಷ್ಟೇ ಕೇಳುವ ಯಂತ್ರಕ್ಕೆ ಎರಡು ಭೋಂಗಾದ ರೊಕ್ಕ ಸುರಿದರೆ ಕಾಸಿಮಸಾಬ ಸಕ್ಕರೆ ಹಂಚುತ್ತಾನೆ ಎಂದೂ ಹೇಳಿದ. ಅವನ ಮಾತು ಸುಳ್ಳಾಗಿರಲಿಲ್ಲ. ಮೆಹಬೂಬನ ಸಿಟ್ಟಿಗೆ ಅದೇ ಕಾರಣ.

ಸಬೀರಾಳಿಗೂ ಒಮ್ಮೆ ಕೇಳಿಸಬೇಕೆಂದು ಮೊದಲ ದಿನವೇ ಕರೆದಿದ್ದ. ಕೈ ತೊಯ್ದಿವೆ ಎಂದು ಅವಳು ಒಳಗೆ ಹೋದಳು. ಅವಳು ಮಾತು ಕಡಿಮೆಯ ಹೆಂಗಸು. ಅಂಥ ಗದ್ದಲದವನಿಗೆ ಇಂಥ ಮೌನಗೌರಿ ಹೇಗೆ ಸಿಕ್ಕಳೋ ಎಂದು ಓಣಿಯವರು ಚೇಷ್ಟೆ ಮಾಡುತ್ತಿದ್ದರು. ಹೊಸದಾಗಿ ಬಂದಾಗ ಅವಳು ಹಾಗಿರಲಿಲ್ಲ, ನೀರು ತರಲು ಹೋದರೆ ದಾರಿಯುದ್ದಕ್ಕೂ ಹರಟೆ ಹೊಡೆಯುತ್ತಿದ್ದಳು. ಆದರೆ ಮನೆಯೊಳಗೆ ದಿನಾ ಯಾವುದೋ ಭೋಂಗಾ ರಿಪೇರಿ, ಯಾವುದೋ ಮೈಕಿನ ಹಲೋ ಒಂದು ಎರಡು ಮೂರು. ಊಟಕ್ಕೆ ಕರೆದು ಕರೆದು ಗಂಟಲು ಸೋತ ಮೇಲೆ ಅವಳು ಕೂಗುವುದನ್ನು ಬಿಟ್ಟಳು. ರೊಟ್ಟಿ ಆದರೆ ತಂಬಿಗೆ ಹಿಡಿದು ಬಾಗಿಲಲ್ಲಿ ಬಂದು ನಿಲ್ಲುವಳು. ಅವನ ಕಣ್ಣಿಗೆ ತಂಬಿಗೆ ಬಿದ್ದರೆ ಊಟವೆಂದು ಅರ್ಥ. ಆ ಏರ್ಪಾಡು ಅವನಿಗೆ ಬಹಳ ಅನುಕೂಲವಾಗಿತ್ತು.

ನಾಲ್ಕನೆಯ ದಿನ ಜೈನಾಪುರದಲ್ಲಿ ಧೂಳಪ್ಪನ ಮಗಳ ಮದುವೆ. ಭೋಂಗಾ ಕಟ್ಟಿ ಅದೇ ಶಹನಾಯಿ ಹಚ್ಚಿದ ಮೆಹಬೂಬನ ಮೈ ಜುಂ ಎಂದಿತು. ಇದೇನು ಶಹನಾಯಿಯೋ, ಡಬ್ಬಿಯಲ್ಲಿ ಸಿಕ್ಕ ಕೋಳಿಯೋ! ಊದುವವನ ಉಸಿರು ಹಾಳಾಗಲಿ, ಸ್ವರವೇ ಒಡೆದು ಚೂರಾಗುತ್ತಿತ್ತು. ಅವನು ಸಣ್ಣಗೆ ಮಾಡಿದ. ಒಡಕು ಹೋಗಲಿಲ್ಲ, ಇನ್ನಷ್ಟು ಸಣ್ಣಗೆ ಮಾಡಿದ. ಆಗ ಧೂಳಪ್ಪ ಹಂದರದಿಂದ ಎದ್ದು ಬಂದ.

“ಮೆಹಬೂಬ, ಭೋಂಗಾಕ ಹೊಟ್ಟಿ ಬ್ಯಾನಿ ಆಗೇತೇನೋ? ಬಾಜೂ ಊರು ನಿಡೋಣ್ಯಾಗ ನಮ್ಮ ಅಣ್ಣ ಅದಾನ. ಮದವಿಗಿ ಬರಾಂಗಿಲ್ಲ ಅಂದಾನ. ಮನ್ಯಾಗ ಬಾಗಲಾ ಹಾಕ್ಕೊಂಡು ಕುಂತ್ರೂ ಅವಗ ಇದು ಕೇಳಬೇಕು.”

“ಜಾಸ್ತಿ ಮಾಡಿದ್ರ ಸ್ವರ ಒಡಿತಾವ್ರಿ.”

“ಒಡದ್ರ ಒಡೀಲಿ. ಅಣ್ಣಗ ಕೇಳಬೇಕು.”

ಮೆಹಬೂಬ ಗುಂಡಿಯನ್ನು ಕೊನೆಯವರೆಗೆ ತಿರುವಿ, ಭೋಂಗಾದ ಬಾಯನ್ನು ನಿಡೋಣಿಯ ದಿಕ್ಕಿಗೆ ಕಟ್ಟಿದ. ಆಮೇಲೆ ಮರದ ಬುಡಕ್ಕೆ ಬಂದು ಎರಡೂ ಕಿವಿಗೆ ಬೆರಳಿಟ್ಟುಕೊಂಡು ಕುಳಿತ. ಅಡುಗೆಯವನೇ ಮೂಗು ಮುಚ್ಚಿಕೊಂಡರೆ ಉಣ್ಣುವವರ ಗತಿಯೇನು ಎಂದು ಬೀಗರು ನಕ್ಕರು. ಅವನಿಗೆ ನಗು ಬರಲಿಲ್ಲ. ಈ ವಸ್ತುವಿನ ಬೆಲೆ ಏಳುನೂರಕ್ಕೇ ಮುಗಿಯುವುದಿಲ್ಲ, ಇದನ್ನು ಕೇಳಿದ ಮೇಲೆ ಕೆಡುವುದರ ಬೆಲೆಯನ್ನೂ ಕೂಡಿಸಬೇಕು ಎಂದು ಅವನಿಗನ್ನಿಸಿತು. ನಾಳೆಯೇ ಹೋಗಿ ಗನಿಭಾಯಿಯ ಮುಂದೆ ಇದನ್ನು ಬಿಸಾಕಿ ಬರಬೇಕು. ಹೊಟ್ಟೆ ತುಂಬಿಸುವ ಧಂದೆಯ ಮೇಲೆ ಅಸಹ್ಯ ಹುಟ್ಟಿಸುವ ವಸ್ತು ಮನೆಯಲ್ಲಿರಬಾರದು.

ನಾಳೆ ಹೋಗಲಿಲ್ಲ, ನಾಡಿದ್ದೂ ಹೋಗಲಿಲ್ಲ. ಬುಧವಾರ ಅಂಗಳದ ಬೇವಿನ ಮರ ಹತ್ತಿ, ಜೈನಾಪುರದಲ್ಲಿ ತಿರುಚಿಕೊಂಡ ಭೋಂಗಾ ಸರಿಮಾಡುತ್ತಿದ್ದ. ಕೆಳಗೆ ಕಿಟಕಿಯ ಬುಡದಲ್ಲಿ, ಶಹನಾಯಿಯ ನಂತರ ಹಚ್ಚಿದ ಕವ್ವಾಲಿ ರಿಕಾರ್ಡು ತಿರುಗುತ್ತಿತ್ತು. ಮಗ್ಗುಲು ಬದಲಿಸುವಾಗ ಅಡುಗೆಮನೆಯ ಕಿಟಕಿಯಲ್ಲಿ ಸಬೀರಾ ಕಂಡಳು. ತಲೆಯ ಮೇಲಿನ ಸೆರಗಿನೊಳಗೆ ಕಿವಿಬಟ್ಟಲು! ಗೋಡೆಗೆ ಒರಗಿ ಕಣ್ಣು ಮುಚ್ಚಿ ಕುಳಿತಿದ್ದಳು. ಬಿಗಿದ ಹುಬ್ಬು ಸಡಿಲಾಗಿ, ಮುಖ ಮದುವೆಯಾದ ಹೊಸದರಲ್ಲಿದ್ದಂತೆ ಆಗಿತ್ತು. ಮೆಹಬೂಬನಿಗೆ ಮರದ ಮೇಲೆಯೇ ಕುಣಿಯುವಷ್ಟು ಖುಷಿಯಾಯಿತು. ಅವಳಿಗೂ ಆ ಉಸಿರು ಕೇಳಿತು, ತನ್ನ ಹುಚ್ಚಿಗೆ ಜೊತೆ ಸಿಕ್ಕಿತು ಎಂದುಕೊಂಡ.

ಸಂಜೆ ಊಟಕ್ಕೆ ಕುಳಿತಾಗ, ಶಹನಾಯಿ ಚಲೋ ಅನ್ನಿಸಿತೋ ಕವ್ವಾಲಿಯೋ ಎಂದು ಕೇಳಿದ. ಸಬೀರಾ ಕೈಯಲ್ಲಿದ್ದ ರೊಟ್ಟಿಯನ್ನು ನೋಡುತ್ತ ಹೇಳಿದಳು: “ಎರಡೂ ಚಲೋ ಅದಾವ್ರಿ.”

ಅಲ್ಲಿಗೆ ತೀರ್ಮಾನವಾಯಿತು. ಕಾಸಿಮಸಾಬ ಮೂರೂರಲ್ಲ, ಮೂವತ್ತೂರಿಗೆ ಕೇಳಿಸಿಕೊಳ್ಳಲಿ. ಶುಕ್ರವಾರ ಹತ್ತೂವರೆಯ ಬಸ್ಸಿಗೆ ಬಿಜಾಪುರಕ್ಕೆ ಹೋಗಿ, ಗನಿಭಾಯಿಯ ಕೈಗೆ ರೊಕ್ಕ ಕೊಟ್ಟು, ನಮಾಜು ಮುಗಿಸಿಕೊಂಡು ಬರುವುದೆಂದು ನಿಶ್ಚಯಿಸಿದ. ಎರಡು ರಾತ್ರಿ ಸುಖವಾಗಿ ನಿದ್ದೆ ಮಾಡಿದ.

ಶುಕ್ರವಾರ ಬೆಳಿಗ್ಗೆ ಹಿಂದಿನ ಓಣಿಯ ಬೋರವ್ವ ಬಂದು, ಸಂಜೆ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುತ್ತೇವೆ, ಸೆಟ್ಟು ಬೇಕು ಎಂದಳು. ಆಂಪ್ಲಿಫೈಯರಿನಲ್ಲಿ ಗುಂಯ್ ಎಂಬ ಸದ್ದು ಸೇರಿಕೊಂಡಿತ್ತು. ತಾನು ಬೆಸೆದ ಸಾಕೆಟ್ಟಿನದೇ ಕಿತಾಪತಿ ಎಂದು ಗೊತ್ತಾಗಿ ಮೆಹಬೂಬ ಸದ್ಯಕ್ಕೆ ಅದನ್ನು ಕಿತ್ತು ಹಾಕಿದ. ಮರದ ಮೇಲಿನ ಭೋಂಗಾಕ್ಕೆ ತಂತಿ ಜೋಡಿಸಿ, ಪರೀಕ್ಷೆಗೆಂದು ಶಹನಾಯಿ ಹಚ್ಚಿ, ಪೂರ್ತಿ ಏರಿಸಿದ. ಗುಂಯ್ ಹೋಗಿತ್ತು. ಒಡಕು ಹೋಗಿರಲಿಲ್ಲ, ಅದು ಹೋಗುವಂಥದ್ದೂ ಅಲ್ಲ. ಅಂಗಿ ಬದಲಿಸಿ ರೊಕ್ಕ ಕಿಸೆಗಿಟ್ಟು, ಬರುತ್ತೇನೆಂದು ಹೇಳಿ ಹೋಗಲು ಒಳಗೆ ನಡೆದ.

ಸಬೀರಾ ಬಾಗಿಲಿಗೆ ಬೆನ್ನು ಮಾಡಿ ಕುಳಿತು ಜೋಳ ಆರಿಸುತ್ತಿದ್ದಳು. ಕಿವಿಯ ಮೇಲೆ ಬಟ್ಟಲುಗಳಿದ್ದವು. ಪಾಪ, ಸಾಕೆಟ್ಟು ಕಿತ್ತು ಅವಳ ಹಾಡು ನಿಲ್ಲಿಸಿದೆನಲ್ಲ ಎಂದುಕೊಳ್ಳುತ್ತ ಮೆಹಬೂಬ ತಂತಿಯ ಜಾಡು ಹಿಡಿದು ನೋಡಿದ. ತಂತಿ ಅವಳ ಹೆಗಲಿನಿಂದ ಇಳಿದು, ತೊಡೆಯ ಮೇಲಿಂದ ಹಾದು, ಮೊರದೊಳಗೆ ಮುಗಿದಿತ್ತು. ಹಿತ್ತಾಳೆಯ ಪಿನ್ನು ಜೋಳದ ನಡುವೆ ಮಲಗಿತ್ತು. ಅವಳು ಅದನ್ನು ಆಗಾಗ ಬೆರಳಿನಿಂದ ಬದಿಗೆ ಸರಿಸಿ ಕಲ್ಲು ಹುಡುಕುತ್ತಿದ್ದಳು.

ಅವನು ಹೆಸರು ಹಿಡಿದು ಕರೆದ. ಅವಳು ಹೊರಳಲಿಲ್ಲ. ಇನ್ನೊಮ್ಮೆ ಜೋರಾಗಿ ಕರೆದ. ಆಮೇಲೆ ನೀರಿನ ಗಡಿಗೆಯ ಮೇಲಿದ್ದ ತಂಬಿಗೆ ತೆಗೆದುಕೊಂಡು ಅವಳೆದುರಿಗೆ ಹೋಗಿ ನಿಂತ. ಹಾಗೇಕೆ ಮಾಡಿದನೋ ಅವನಿಗೇ ತಿಳಿಯಲಿಲ್ಲ. ಸಬೀರಾ ಗಾಬರಿಯಾಗಿ ಒಂದು ಬಟ್ಟಲನ್ನು ಸರಿಸಿದಳು. ಹೊರಗಿನ ಶಹನಾಯಿ ಆ ಕಿವಿಗೆ ನುಗ್ಗಿದ್ದಕ್ಕೆ ಹುಬ್ಬು ಮತ್ತೆ ಬಿಗಿಯಿತು.

“ಏನ ಕೇಳಾಕತ್ತಿ?” ಎಂದ.

ಅವಳು ಪಿನ್ನನ್ನು ನೋಡಿದಳು, ಅವನ ಕೈಯ ತಂಬಿಗೆಯನ್ನು ನೋಡಿದಳು. ಸುಳ್ಳು ಹೇಳುವ ಮನಸ್ಸು ಈ ಸಲ ಅವಳಿಗಿದ್ದಂತೆ ಕಾಣಲಿಲ್ಲ.

“ಹಾಡಲ್ರಿ. ಇದನ್ನ ಹಾಕ್ಕೊಂಡ್ರ ಹೊರಗಿಂದು ದೂರ ಆಗತೈತಿ. ನನ್ನ ಉಸರ ನನಗ ಕೇಳಸ್ತೈತಿ.”

ಇಷ್ಟು ಹೇಳಿ, ಮರಳಿ ಒಯ್ಯಲು ಬಂದಿದ್ದಾನೆಂದು ತಿಳಿದು, ಅವಳು ಎರಡನೆಯ ಬಟ್ಟಲನ್ನೂ ತೆಗೆಯತೊಡಗಿದಳು. ಮೆಹಬೂಬ ಬೇಡವೆಂದು ಕೈ ಮಾಡಿದ. ನಾಚಿಕೆಯಿಂದ ಅವನ ಕಿವಿ ಸುಡುತ್ತಿತ್ತು. ಏನಾದರೂ ಹೇಳಬೇಕೆನಿಸಿತು. ಹೇಳಬೇಕಾದರೆ ಭೋಂಗಾದ ಸದ್ದಿನ ಮೇಲೆ ಕೂಗಿ ಹೇಳಬೇಕಾಗಿತ್ತು.

ಅಂಗಳಕ್ಕೆ ಬಂದು ರಿಕಾರ್ಡಿನ ಮೇಲಿಂದ ಮುಳ್ಳು ಎತ್ತಿದ. ಓಣಿಗೆ ಓಣಿಯೇ ಒಮ್ಮೆ ಸ್ತಬ್ಧವಾಯಿತು. ಗೋಡೆಯಾಚೆಯಿಂದ ಬೋರವ್ವ, ಯಾಕ ನಿಂತಿತು, ಕೆಟ್ಟಿತೇನು ಎಂದು ಕೇಳಿದಳು. ಬಸ್‌ಸ್ಟ್ಯಾಂಡಿನಲ್ಲಿ ಹತ್ತೂವರೆಯ ಬಸ್ಸು ಹಾರ್ನು ಹಾಕಿತು. ಮೆಹಬೂಬ ಕಿಸೆಯ ರೊಕ್ಕದ ಮೇಲೆ ಕೈಯಿಟ್ಟುಕೊಂಡ. ಕೈಯಲ್ಲೇ ಉಳಿದಿದ್ದ ತಂಬಿಗೆಯನ್ನು ಒಳಗಿಡಲೆಂದು ಹೊಸ್ತಿಲ ತನಕ ಬಂದವನು ಅಲ್ಲೇ ನಿಂತ.

ಒಳಗಿನಿಂದ ಟಣ್ ಎಂದು ಒಂದು ಸಣ್ಣ ಸಪ್ಪಳ ಬಂತು. ಸಬೀರಾ ಜೋಳದೊಳಗಿನ ಕಲ್ಲೊಂದನ್ನು ತಾಟಿಗೆ ಹಾಕಿದ್ದಳು. ಮೆಹಬೂಬ ತಂಬಿಗೆ ಹಿಡಿದುಕೊಂಡೇ ಹೊಸ್ತಿಲ ಮೇಲೆ ಕುಳಿತು, ಇನ್ನೊಂದು ಕಲ್ಲು ಬೀಳುವುದನ್ನು ಕಾದ.