ಹಿಂದಿನ ಬಾಗಿಲಿನ ಗೀರು

ಬೀದಿಯವರೆಲ್ಲ ಅವರನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು. ಮಹಡಿಯ ಮೇಲಿದ್ದ ನಾದಿನಿ ಹೊತ್ತು ಗೊತ್ತು ಎನ್ನದೆ ಕಿಟಕಿಯಿಂದ ಬಗ್ಗಿ "ಅತ್ತಿಗೇ" ಎಂದು ಕೂಗುತ್ತಿದ್ದುದರಿಂದ ಆ ಹೆಸರು ಎಲ್ಲರ ಬಾಯಿಗೂ ಅಂಟಿಕೊಂಡಿತ್ತು. ಆ ಶುಕ್ರವಾರ ಮಾತ್ರ ನಾದಿನಿ ಕೂಗಲಿಲ್ಲ. ಅತ್ತಿಗೆ ಓಡಿಸುತ್ತಿದ್ದ ಕಾರು ಗೇಟಿನೊಳಗೆ ತಿರುಗುವಾಗ ಕರ್ರನೆ ಸದ್ದಾಯಿತು. ಅದನ್ನು ಕೇಳಿ ಚಪ್ಪಲಿ ಕೂಡ ಮೆಟ್ಟದೆ ಧಡಧಡನೆ ಇಳಿದು ಬಂದಳು.

ಗೇಟಿನ ಚಿಲಕ ನಾಲಿಗೆ ಚಾಚಿಕೊಂಡು ನಿಂತಿತ್ತು. ಕಾರಿನ ಎಡಗಡೆ ಹಿಂದಿನ ಬಾಗಿಲ ಮೇಲೆ, ಹಿಡಿಕೆಯಿಂದ ಚಕ್ರದ ತನಕ, ಉದ್ದಕ್ಕೂ ಗೀರು.

"ಏನೂ ಆಗಿಲ್ಲ ಅಂತ ಹೇಳಿ, ಅತ್ತಿಗೆ."

"ಹೇಳೋದೇನೋ ಹೇಳಬಹುದು. ನೋಡಿದವರು ನಂಬಬೇಕಲ್ಲ."

ನೋಡುವವರು ಯಾರೆಂದು ಇಬ್ಬರಿಗೂ ಗೊತ್ತಿತ್ತು. ಅತ್ತಿಗೆಯ ಯಜಮಾನರು ಬಸ್ ಡಿಪೋದಲ್ಲಿ ಇದ್ದವರು. ಸಂಜೆ ಒಳಬರುವ ಬಸ್ಸುಗಳ ಸುತ್ತ ಟಾರ್ಚು ಹಿಡಿದು ತಿರುಗಿ, ಗೀರು ಕಂಡರೆ ಆ ಚಾಲಕನನ್ನು ಬಸ್ಸಿನಿಂದ ಇಳಿಸುವುದು ಅವರ ಕೆಲಸವಾಗಿತ್ತು. ನಿವೃತ್ತರಾದರೂ ಅವರು ಮನೆಯಲ್ಲೇ ಡಿಪೋ ನಡೆಸುತ್ತಿದ್ದರು. ನಾದಿನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ, ಹೀಗಾಗಿ ಡಿಪೋದ ಕಾನೂನೆಲ್ಲ ಅತ್ತಿಗೆಯ ತಲೆಯ ಮೇಲೆ. ಅರವತ್ತು ದಾಟಿದ ಮೇಲೆ ಅತ್ತಿಗೆ ಲೈಸೆನ್ಸು ಪಡೆದ ದಿನ ಅವರು ಕೀಲಿ ಕೊಡುತ್ತಾ ಹೇಳಿದ್ದರು: "ಗೀರು ಬಿತ್ತೋ, ಕೀಲಿ ವಾಪಸ್ ಮೊಳೆಗೆ." ಆ ಮೊಳೆ ಅವರ ಬೀರುವಿನ ಪಕ್ಕದ ಗೋಡೆಯಲ್ಲಿ, ಅತ್ತಿಗೆ ಸ್ಟೂಲು ಹತ್ತಿದರೆ ಮಾತ್ರ ಕೈಗೆಟುಕುವಷ್ಟು ಎತ್ತರದಲ್ಲಿತ್ತು.

ಈಗ ಅವರು ಸ್ನೇಹಿತನ ಹಳೆಯ ಜೀಪು ರಿಪೇರಿ ಮಾಡಿಕೊಡಲು ಪರ ಊರಿಗೆ ಹೋಗಿದ್ದರು. ಭಾನುವಾರ ಸಂಜೆ ಬರುವವರಿದ್ದರು.

ಕೀಲಿ ಹೋದರೆ ಅತ್ತಿಗೆಗೆ ತಮ್ಮ ತಿರುಗಾಟದ ಚಿಂತೆಯಿರಲಿಲ್ಲ. ಚಿಂತೆಯೆಲ್ಲ ತಮ್ಮ ಅಕ್ಕನ ಬಗ್ಗೆ. ಅಕ್ಕನ ಮಂಡಿಗಳು ಕೈಕೊಟ್ಟು ಬಹಳ ಕಾಲವಾಗಿತ್ತು. ಊರಾಚೆಯ ಆಸ್ಪತ್ರೆಯಲ್ಲಿ ಬಿಸಿನೀರಿನ ಕೊಳವಿದೆ, ಅಲ್ಲಿಗೆ ಬಸ್ಸು ಹೋಗುವುದಿಲ್ಲ. ಪ್ರತಿ ಶುಕ್ರವಾರ ಅತ್ತಿಗೆ ಅವರನ್ನು ಕೂರಿಸಿಕೊಂಡು ಹೋಗುತ್ತಿದ್ದರು. ನೆಲದ ಮೇಲೆ ಹೆಜ್ಜೆಗೊಂದು "ಅಯ್ಯೋ" ಅನ್ನುವ ಅಕ್ಕ ನೀರಿಗಿಳಿದರೆ ಹುಡುಗಿ. ಇವತ್ತು ನರ್ಸಮ್ಮನ ಮುಖಕ್ಕೇ ನೀರೆರಚಿ ನಕ್ಕಿದ್ದರು. ತಮ್ಮ ಮನೆಯ ಬಾಗಿಲಲ್ಲಿ ಇಳಿಯುವಾಗ, "ಮುಂದಿನ ವಾರ ಬೇಗ ಬಾರೇ, ತಡ ಮಾಡಬೇಡ" ಅಂದಿದ್ದರು.

"ಮೆಕ್ಯಾನಿಕ್ ಹತ್ತಿರ ಬಿಟ್ಟುಬಿಡೋಣ," ಎಂದಳು ನಾದಿನಿ.

"ಈ ಊರಲ್ಲಿ ನಿಮ್ಮಣ್ಣನ ಶಿಷ್ಯನಲ್ಲದ ಮೆಕ್ಯಾನಿಕ್ ಯಾರಿದ್ದಾನೆ ಹೇಳು. ನಾವು ಮನೆ ಸೇರೋದಕ್ಕೆ ಮೊದಲೇ ಸುದ್ದಿ ಸೇರಿರುತ್ತೆ." ಅತ್ತಿಗೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ನಾನೇ ಮಾಡ್ತೀನಿ."

"ನೀವಾ?"

"ಇಷ್ಟು ವರ್ಷ ಹಲ್ಲಿನ ಡಾಕ್ಟರಮ್ಮನ ಪಕ್ಕದಲ್ಲಿ ನಿಂತು ಅದು ಕೊಡು ಇದು ಕೊಡು ಅನ್ನಿಸಿಕೊಂಡಿದ್ದೀನಿ. ಒಂದು ದಿನ ನಾನೂ ಮಾಡಿ ನೋಡಬೇಡವೇ?"

ಅವರು ಬಾಗಿಲನ್ನು ಸೋಪುನೀರಿನಲ್ಲಿ ತೊಳೆದರು. ನೀರು ಹರಿದದ್ದೇ ತಡ, ಗೀರು ಮಾಯ! ನಾದಿನಿ ಕುಣಿದಾಡಿದಳು. "ಕೊಳೆ ಅಷ್ಟೇ, ಅತ್ತಿಗೆ! ಸುಮ್ಮನೆ ಜೀವ ತಿಂದಿರಿ!" ಆದರೆ ಬಟ್ಟೆಯಿಂದ ಒರೆಸುತ್ತಿದ್ದಂತೆ ಗೀರು ಹೋದ ದಾರಿಯಲ್ಲೇ ಹಿಂದಿರುಗಿ ಬಂತು. ಅತ್ತಿಗೆ ಕನ್ನಡಕ ಏರಿಸಿ ಉಗುರಿನಿಂದ ಸವರಿದರು. ತುದಿಗಳಲ್ಲಿ ಉಗುರು ಜಾರಿತು, ಅಲ್ಲಿ ಮೇಲಿನ ಹೊಳಪಿಗೆ ಮಾತ್ರ ಏಟು. ನಡುವೆ ಸಿಕ್ಕಿಕೊಂಡಿತು, ಅಲ್ಲಿ ಬಣ್ಣವೇ ಹೋಗಿ ಬೂದು ಪದರ ಕಾಣುತ್ತಿತ್ತು.

"ಇಷ್ಟು ಹುಳುಕು," ಎಂದರು ಅತ್ತಿಗೆ, ಬಾಯಿ ತೆರೆದ ರೋಗಿಯನ್ನು ನೋಡಿದ ಹಾಗೆ. "ಮಿಕ್ಕಿದ್ದು ಬರೀ ಕರೆ."

ಮರುದಿನ ಬೆಳಗ್ಗೆ ಅದೇ ಕಾರಿನಲ್ಲಿ ಬಣ್ಣದಂಗಡಿಗೆ ಹೊರಟರು. ಗೀರು ಬೀದಿಗೆ ಕಾಣದಿರಲೆಂದು ನಾದಿನಿ ಹಿಂದೆ ಎಡಕ್ಕೆ ಕುಳಿತು ಕಿಟಕಿಯಿಂದ ದೊಡ್ಡ ಟವಲ್ ಇಳಿಬಿಟ್ಟು ದಾರಿಯುದ್ದಕ್ಕೂ ಹಿಡಿದುಕೊಂಡಿದ್ದಳು. ಬಟ್ಟೆ ಒಣಗಿಸುವುದಕ್ಕೆ ಮನೆಯಲ್ಲಿ ಜಾಗವಿಲ್ಲವೇ ಎಂದು ತರಕಾರಿಯವಳು ಕೇಳಿಯೇ ಬಿಟ್ಟಳು.

ಬಣ್ಣದಂಗಡಿಯವನು ಯಾರು ಗೀರಿದರು, ಹೇಗಾಯಿತು ಎಂದು ಒಂದು ಮಾತೂ ಕೇಳಲಿಲ್ಲ. ಮುಂದಿನ ಬಾಗಿಲು ತೆರೆದು, ಚೌಕಟ್ಟಿಗೆ ಅಂಟಿಸಿದ್ದ ಚೀಟಿಯಲ್ಲಿ ಬಣ್ಣದ ಸಂಖ್ಯೆ ಓದಿಕೊಂಡು, ಅದೇ ಎಲೆಹಸಿರಿನ ಪುಟ್ಟ ಸೀಸೆ ತಂದಿಟ್ಟ. ಮೇಲೆ ಹಚ್ಚುವ ನೀರಿನಂಥ ಹೊಳಪಿನದು ಇನ್ನೊಂದು ಸೀಸೆ, ನಯವಾದ ಸ್ಯಾಂಡ್ ಪೇಪರ್, ಒಂದು ಡಬ್ಬಿ ಪಾಲಿಷು. ಅವರು ಹೊರಟಾಗ ಹಿಂದಿನಿಂದ ಓಡಿ ಬಂದು ಯಾವುದೋ ಗಾಡಿಯ ಹಳೇ ಪೆಟ್ರೋಲ್ ಮುಚ್ಚಳವೊಂದನ್ನು ಕೈಗಿಟ್ಟ.

"ಮೊದಲು ಇದರ ಮೇಲೆ ಕೈ ಕೂರಿಸಿಕೊಳ್ಳಿ, ಅಮ್ಮ. ಕೆಟ್ಟರೂ ಇದಕ್ಕೆ ಕೇಳೋರಿಲ್ಲ."

ಆ ಮುಚ್ಚಳ ಅತ್ತಿಗೆಯನ್ನು ಕಾಪಾಡಿತು. ಅದರ ಮೇಲೆ ಗೀರೆಳೆದು ಒಂದೇ ಸಲಕ್ಕೆ ತುಂಬಲು ಹೋದಾಗ ಬಣ್ಣ ಉಬ್ಬಿ ಕುರುವಿನ ಹಾಗೆ ನಿಂತಿತು. "ದೃಷ್ಟಿಬೊಟ್ಟು ಇಟ್ಟಂಗಿದೆ," ಎಂದು ನಾದಿನಿ ನಕ್ಕಳು. ಅತ್ತಿಗೆಗೆ ಆಗ ಡಾಕ್ಟರಮ್ಮ ಹುಳುಕು ಹಲ್ಲು ತುಂಬುತ್ತಿದ್ದ ಬಗೆ ನೆನಪಾಯಿತು: ಒಂದಿಷ್ಟು ಇಡುವುದು, ಗಟ್ಟಿಯಾಗಲು ಬಿಡುವುದು, ಮತ್ತೊಂದಿಷ್ಟು. ಅವಸರವೆಂಬುದೇ ಇಲ್ಲ.

ಹಾಗೆಯೇ ಮಾಡಿದರು. ಗೀರಿನ ಎರಡೂ ಬದಿಗೆ ಟೇಪು ಅಂಟಿಸಿ, ಒದ್ದೆ ಸ್ಯಾಂಡ್ ಪೇಪರಿನಿಂದ ಗೀರಿನ ಅಂಚನ್ನು ಹಗುರವಾಗಿ ತೀಡಿ, ಸ್ಪಿರಿಟ್ಟಿನಿಂದ ಒರೆಸಿ, ಹಲ್ಲುಕಡ್ಡಿಯ ತುದಿಯಲ್ಲಿ ಬಣ್ಣ ಮುಟ್ಟಿಸಿದರು. ಒಣಗಲು ಬಿಟ್ಟರು. ಮತ್ತೆ ಮುಟ್ಟಿಸಿದರು. ನಾದಿನಿ ಪಕ್ಕದಲ್ಲಿ ಕೊಡೆ ಹಿಡಿದು, ಧೂಳು ಕೂರದಂತೆ ಕಾದಳು. ಬಾಯಿ ಸುಮ್ಮನಿರದ ಹೆಂಗಸು ಉಸಿರು ತಾಗೀತೆಂದು ಬಾಯಿಗೆ ಕರ್ಚೀಫು ಕಟ್ಟಿಕೊಂಡಿದ್ದಳು. ಹೊಳಪಿನದನ್ನೂ ಹಚ್ಚಿ ರಾತ್ರಿಯಿಡೀ ಒಣಗಲು ಬಿಟ್ಟರು. ಭಾನುವಾರ ಬೆಳಗ್ಗೆ ತೀಡಿ, ಪಾಲಿಷು ಹಾಕಿ ಉಜ್ಜಿ, ಬಟ್ಟೆ ತೆಗೆದರೆ ಗೀರು ಎಲ್ಲಿತ್ತೆಂದು ಅವರಿಗೇ ತಿಳಿಯಲಿಲ್ಲ.

"ಗೆದ್ದಿರಿ, ಅತ್ತಿಗೆ!"

ಅತ್ತಿಗೆ ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದರು. ಮುಖ ಸಪ್ಪಗಾಯಿತು. ಆ ಒಂದು ಬಾಗಿಲು ಕನ್ನಡಿಯ ಹಾಗೆ ಫಳಫಳ, ಉಳಿದ ಕಾರು ಮಂಕು. "ಬಾಯಿತುಂಬ ಹಳದಿ ಹಲ್ಲು, ನಡುವೆ ಒಂದೇ ಬಿಳಿ. ಕುರುಡನಿಗೂ ಕಾಣುತ್ತೆ."

ಬೇರೆ ದಾರಿಯಿರಲಿಲ್ಲ. ಇಡೀ ಕಾರನ್ನೇ ಉಜ್ಜಬೇಕಿತ್ತು. ಡಬ್ಬಿಯ ಪಾಲಿಷು ಮುಗಿದಾಗ ಟೂತ್‌ಪೇಸ್ಟೂ ಕೆಲಸಕ್ಕೆ ಬಂತು. ಸಣ್ಣಪುಟ್ಟ ಕರೆಗೆ ಅದೂ ಸಾಕು. ಛಾವಣಿ, ಮೂತಿ, ಬಾಗಿಲುಗಳು ಒಂದೊಂದಾಗಿ ಬೆಳಗಿದವು. ಕೊನೆಗೆ ಹಿಂಭಾಗಕ್ಕೆ ಬಂದರು. ಅಲ್ಲಿ ಯಜಮಾನರು ಎಂದೋ ಅಂಟಿಸಿದ್ದ ಉದ್ದನೆಯ ಸ್ಟಿಕರ್ ಇತ್ತು: 'ಎಚ್ಚರಿಕೆಯಿಂದ ಓಡಿಸಿ.' ಅಂಚು ಎದ್ದು ಕೊಳೆ ತುಂಬಿತ್ತು. ನಾದಿನಿ ಉಜ್ಜಿದ ರಭಸಕ್ಕೆ ಅದು ಪೂರ್ತಿ ಕಿತ್ತು ಕೈಗೇ ಬಂತು.

ಕೆಳಗೆ ಒಂದು ಗೀರು. ಅತ್ತಿಗೆಯ ಗೀರಿಗಿಂತ ಉದ್ದ, ಅದಕ್ಕಿಂತ ಆಳ. ಮೇಲೆ ಮುದ್ದೆಮುದ್ದೆಯಾಗಿ ಬಳಿದ ಬೇರೊಂದು ಹಸಿರು. ನಾದಿನಿ ಅದನ್ನು ನೋಡಿದಳು, ತಿರುಗಿ ಮನೆಯ ಗೇಟನ್ನು ನೋಡಿದಳು.

"ಅದೇ ಬಣ್ಣ! ಗೇಟಿಗೆ ಬಳಿದು ಮಿಕ್ಕಿದ್ದು!" ಸ್ಟಿಕರ್ ಎಸೆದು ಮೆಟ್ಟಿಲ ಮೇಲೆ ಕುಸಿದು ಹೊಟ್ಟೆ ಹಿಡಿದು ನಕ್ಕಳು. "ನಮ್ಮಣ್ಣ! ಊರಿಗೆಲ್ಲ ಟಾರ್ಚು ಬಿಟ್ಟ ಮಹಾನುಭಾವ! ಮುಟ್ಟಬೇಡಿ ಅತ್ತಿಗೆ, ಹಾಗೇ ಇರಲಿ. ಸಂಜೆ ಬೀದಿಯವರನ್ನೆಲ್ಲ ಸೇರಿಸಿ ಮಾನ ಹರಾಜು ಹಾಕ್ತೀನಿ."

ಅತ್ತಿಗೆಯೂ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ಆ ಮುದ್ದೆ ಬಣ್ಣದ ಮೇಲೆ ಬೆರಳಿಟ್ಟರು. ಕ್ಲಿನಿಕ್ಕಿಗೆ ಹೀಗೆಯೇ ಎಷ್ಟೋ ಜನ ಬರುತ್ತಿದ್ದರು, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು. ಇಷ್ಟು ದಿನ ಯಾಕೆ ಮುಚ್ಚಿಟ್ಟಿರಿ ಎಂದು ಡಾಕ್ಟರಮ್ಮ ಒಬ್ಬರನ್ನೂ ಕೇಳಿದ್ದಿಲ್ಲ. ಬಾಯಿ ತೆಗೆಯಿರಿ ಅನ್ನುತ್ತಿದ್ದರು, ಅಷ್ಟೇ.

"ಹಲ್ಲುಕಡ್ಡಿ ಕೊಡು," ಎಂದರು ಅತ್ತಿಗೆ.

"ಹೋಗಿ ಅತ್ತಿಗೆ, ನಿಮಗೆ ಆಟ ಆಡೋಕ್ಕೇ ಬರಲ್ಲ," ಎಂದು ಗೊಣಗುತ್ತಲೇ ನಾದಿನಿ ಕೊಡೆ ಬಿಚ್ಚಿದಳು.

ಬಿಸಿಲು ಚೆನ್ನಾಗಿತ್ತು, ಪದರಗಳು ಬೇಗ ಒಣಗಿದವು. ಕೊನೆಯ ಉಜ್ಜು ಮುಗಿಸಿ ಕೈ ತೊಳೆಯುತ್ತಿದ್ದಾಗಲೇ ಯಜಮಾನರು ಗೇಟಿನಲ್ಲಿ ನಿಂತಿದ್ದರು. ಚೀಲ ಕೆಳಗಿಡಲಿಲ್ಲ. ಹೊಳೆಯುವ ಕಾರನ್ನು ನೋಡಿ ಅವರ ಹುಬ್ಬು ಮೇಲೇರಿತು.

ಅತ್ತಿಗೆ ಕೈ ಒರೆಸಿಕೊಳ್ಳುತ್ತಾ ಎದುರಿಗೆ ಬಂದರು. "ನೋಡಿ, ಎಡಗಡೆ ಹಿಂದಿನ ಬಾಗಿಲಿಗೆ ಚಿಲಕ ತಾಗಿಸಿದೆ. ಉದ್ದಕ್ಕೂ ಗೀರಿತ್ತು. ನಾನೇ ಸರಿ ಮಾಡಿದ್ದೀನಿ. ಎಲ್ಲಿತ್ತು ಅಂತ ಬೆರಳಿಟ್ಟು ತೋರಿಸಿ, ಕೀಲಿ ಈಗಲೇ ಮೊಳೆಗೆ."

ಟಾರ್ಚು ಹೊರಗೆ ಬಂತು. ಅವರು ಬಾಗಿದರು, ಕುಕ್ಕರಗಾಲಲ್ಲಿ ಕೂತರು, ಕೆನ್ನೆಯನ್ನು ಬಾಗಿಲಿಗೆ ತಾಗಿಸುವಷ್ಟು ಓರೆಯಾಗಿ ನೋಡಿದರು, ಉಗುರಿನಿಂದ ಮೇಲೆ ಕೆಳಗೆ ಸವರಿದರು. ಉಗುರು ಎಲ್ಲೂ ನಿಲ್ಲಲಿಲ್ಲ.

"ಕನ್ನಡಕ ತರಲೇನಣ್ಣ?" ಎಂದು ನಾದಿನಿ ಮೆಟ್ಟಿಲಿನಿಂದ ಕೇಳಿದಳು.

ಅವರು ಎದ್ದು ಹಿಂಭಾಗಕ್ಕೆ ಹೋದರು. ಅಲ್ಲಿ ಗಕ್ಕನೆ ನಿಂತರು. ಟಾರ್ಚು ನಂದಿತು.

"ಇಲ್ಲೊಂದು ಸ್ಟಿಕರ್ ಇತ್ತಲ್ಲ," ಎಂದರು ಮೆಲ್ಲಗೆ.

"ಇತ್ತು. ಹಳೇದಾಗಿತ್ತು, ಬಿದ್ದುಹೋಯಿತು."

"ಅದರ ಕೆಳಗೆ..."

"ಅದರ ಕೆಳಗೆ ಈಗ ಏನೂ ಇಲ್ಲ, ರೀ."

ಅವರು ಅಂಗೈಯಿಂದ ಆ ಜಾಗವನ್ನು ಸವರಿದರು. ಬಹಳ ಹೊತ್ತು ಸವರಿದರು. ಕಿವಿಗಳು ಕೆಂಪಾಗಿದ್ದವು. ಆಮೇಲೆ ಅತ್ತಿಗೆಯ ಹಸಿರು ಹತ್ತಿದ ಬೆರಳುಗಳನ್ನು ನೋಡಿ ಹೇಳಿದರು: "ನಮ್ಮ ಡಿಪೋದಲ್ಲಿ ಇಂಥ ಕೈ ಒಂದೂ ಇರಲಿಲ್ಲ."

ಮಾತು ಮುಗಿಸಿ ಒಳಗೆ ಹೋದರು. ಸುತ್ತಿಗೆಯ ಸದ್ದು ಕೇಳಿ ಇಬ್ಬರೂ ಹೋಗಿ ನೋಡಿದರೆ, ಗೋಡೆಯ ಮೇಲಿನ ಆ ಎತ್ತರದ ಮೊಳೆ ಅಲ್ಲಿರಲಿಲ್ಲ. ಮುಂಬಾಗಿಲ ಪಕ್ಕದಲ್ಲಿ, ಅತ್ತಿಗೆಯ ಭುಜದ ಮಟ್ಟಕ್ಕೆ ಸರಿಯಾಗಿ, ಅದೇ ಮೊಳೆ ಹೊಡೆದಿದ್ದರು. ಅತ್ತಿಗೆ ಮೇಜಿನ ಮೇಲಿಟ್ಟಿದ್ದ ಕೀಲಿ ಅದರಲ್ಲಿ ಇನ್ನೂ ತೂಗಾಡುತ್ತಿತ್ತು.

ಮುಂದಿನ ಶುಕ್ರವಾರ ಅತ್ತಿಗೆ ಬೇಗನೇ ಹೊರಟರು. ಯಜಮಾನರು ಗೇಟಿನ ಪಕ್ಕ ನಿಂತು ಎರಡೂ ಕೈ ಬೀಸುತ್ತಾ "ಬಾ, ಬಾ, ಇನ್ನೂ ಬಲಕ್ಕೆ" ಎನ್ನುತ್ತಿದ್ದರು.

"ಸ್ವಲ್ಪ ಆಚೆ ಸರೀರಿ! ನೀವು ನಿಂತರೆ ಜಾಗ ಸಾಲದು!"

ಅವರು ಸರಿದರು. ಕಾರು ಒಂದೇ ಸಲಕ್ಕೆ, ಚಿಲಕವನ್ನೂ ಕಂಬವನ್ನೂ ಸೋಕದೆ, ಬಿಸಿಲಿಗೆ ಮೈಯೆಲ್ಲ ಬೆಳಗಿಸಿಕೊಂಡು ಬೀದಿಗಿಳಿಯಿತು. ತಿರುವಿನಲ್ಲಿ ಅತ್ತಿಗೆ ಎರಡು ಸಲ ಹಾರ್ನ್ ಹೊಡೆದರು. ಅಕ್ಕ ಆಗಲೇ ಟವಲ್ ಹೆಗಲಿಗೆ ಹಾಕಿಕೊಂಡು ತಮ್ಮ ಬಾಗಿಲಲ್ಲಿ ನಿಂತಿದ್ದರು.