ಸೆಕೆಂಡಿಗೊಂದು ಸುತ್ತು

ಮಹಡಿಯ ಮೆಟ್ಟಿಲನ್ನು ಯಾರಾದರೂ ಹಿಂದುಮುಂದಾಗಿ ಇಳಿಯುತ್ತಾರೆಯೇ? ದರ್ಜಿಯಮ್ಮನ ಮಗಳು ಇಳಿಯುತ್ತಿದ್ದಳು. ಕಂಬಿ ಹಿಡಿದು, ಹಲ್ಲು ಕಚ್ಚಿ, ಒಂದೊಂದೇ ಮೆಟ್ಟಿಲು. ಕೆಳಗಿನ ಮನೆಯ ಫಿಸಿಯೋಥೆರಪಿಸ್ಟ್ ಅಕ್ಕ ಬಾಗಿಲು ತೆರೆದಾಗ ಸಿಕ್ಕಿಬಿದ್ದಳು.

“ಏನೇ, ಬೆನ್ನಲ್ಲಿ ಕಣ್ಣು ಬಂದಿದೆಯಾ?”

“ಸುಮ್ನೆ ಅಕ್ಕ, ಆಟಕ್ಕೆ.”

“ಆಟಕ್ಕೆ ಕಣ್ಣಲ್ಲಿ ನೀರು ಬರುತ್ತಾ?”

ಪ್ಯಾಂಟು ಮೇಲೆತ್ತಿಸಿ ನೋಡಿದರೆ ಬಲ ಮೊಣಕಾಲು ಊದಿತ್ತು. ಅದರ ಮೇಲೆ ಅಮ್ಮನ ಹೊಲಿಗೆ ಪೆಟ್ಟಿಗೆಯ ಎಲಾಸ್ಟಿಕ್ ಬಿಗಿದಿತ್ತು. ಹುಡುಗಿ ನಾನೂರು ಮೀಟರ್ ಓಟಗಾರ್ತಿ. ಇನ್ನು ಹದಿನಾಲ್ಕು ವಾರಕ್ಕೆ ಆಯ್ಕೆ ಓಟ. ಮೊದಲ ನಾಲ್ವರಿಗೆ ಕ್ರೀಡಾ ಹಾಸ್ಟೆಲಿನಲ್ಲಿ ಜಾಗ. ಮುಂದಿನ ವರ್ಷ ಅವಳ ವಯಸ್ಸು ಮೀರುತ್ತದೆ. ಇದೊಂದೇ ಅವಕಾಶ.

“ಮಾವನಿಗೆ ಮಾತ್ರ ಹೇಳ್ಬೇಡಿ ಅಕ್ಕ. ಕಳ್ಳಾಟ ಆಡ್ತೀಯಾ ಅಂತಾರೆ.”

ಮಾವ ಎಂದರೆ ಅಮ್ಮನ ಅಣ್ಣ, ಅವಳ ಕೋಚ್. ಮೈದಾನದಲ್ಲಿ ಎಲ್ಲರ ಬಾಯಲ್ಲೂ ಅವನು ಸ್ಟಾಪ್‌ವಾಚ್ ಮಾವ. ಕೆಟ್ಟ ಮನುಷ್ಯನಲ್ಲ, ಆದರೆ ಹಿಡಿದ ಪಟ್ಟು ಬಿಡುವವನೂ ಅಲ್ಲ. ಅವನದೊಂದು ಕಾಯ್ದೆ: ಒಂದು ಸೆಕೆಂಡು ತಡವಾದರೆ ದಂಡವಾಗಿ ಒಂದು ಸುತ್ತು ಹೆಚ್ಚು. ದಣಿದವಳು ನಿಧಾನವಾಗುತ್ತಾಳೆ, ನಿಧಾನವಾದದ್ದಕ್ಕೆ ಮತ್ತೆ ಓಡುತ್ತಾಳೆ, ಮರುದಿನ ಇನ್ನೂ ನಿಧಾನ. ಗಾಯದ ಮೇಲೆ ಬರೆ ಎಳೆಯುವುದು ಎಂದರೆ ಇದೇ!

ಅಕ್ಕ ಹೇಳದೆ ಬಿಡಲಿಲ್ಲ. ಡಾಕ್ಟರಿಗೆ ತೋರಿಸಿದರು. ಏನೂ ಹರಿದಿಲ್ಲ, ಮೊಣಕಾಲಿಗೆ ಭಾರ ಹೆಚ್ಚಾಗಿದೆ, ಸದ್ಯಕ್ಕೆ ಓಟ ಬೇಡ, ಸ್ನಾಯು ಬಲಪಡಿಸಿ ಎಂದರು ಡಾಕ್ಟರು. ಸಂಜೆ ದರ್ಜಿಯಮ್ಮನ ಹೊಲಿಗೆ ಕೋಣೆಯಲ್ಲಿ ಪಂಚಾಯಿತಿ ಸೇರಿತು. ಬಲ ಬರಲು ತೂಕದ ವ್ಯಾಯಾಮವೂ ಬೇಕು ಎಂದಳು ಅಕ್ಕ.

“ಭಾರ ಎತ್ತಿಸೋದಾ?” ಮಾವ ಹೌಹಾರಿದ. “ಹೆಣ್ಣುಮಗು ಕಣಮ್ಮ! ಮೈ ಬಿಗಿದು ಕಂಬ ಆಗ್ತಾಳೆ. ಓಡೋರು ಓಡಬೇಕು, ಅಷ್ಟೇ.”

“ಎತ್ತೋದು ಆಮೇಲೆ ಮಾವ. ಮೊದ್ಲು ಕುರ್ಚಿಯಿಂದ ಒಂಟಿಕಾಲಲ್ಲಿ ಏಳ್ಲಿ, ನೋಡೋಣ,” ಎಂದಳು ಅಕ್ಕ.

ಹುಡುಗಿ ಕೈಕಟ್ಟಿಕೊಂಡು, ನೋವಿಲ್ಲದ ಎಡಗಾಲೊಂದರ ಮೇಲೆಯೇ ಕುರ್ಚಿಯಿಂದ ಎದ್ದಳು. ಮೊಣಕಾಲು ಗಡಗಡ ನಡುಗಿ ಒಳಕ್ಕೆ ವಾಲಿತು.

“ಇದು ಒಳ್ಳೇ ಕಾಲು!” ಅಕ್ಕ ಹೇಳಿದಳು. “ಓಡುವಾಗ ಹೆಜ್ಜೆಹೆಜ್ಜೆಗೂ ಮೈಭಾರದ ಎರಡು ಮೂರು ಪಟ್ಟು ಇದರ ಮೇಲೆ ಬೀಳುತ್ತೆ. ತೊಡೆ, ಸೊಂಟ ತಡ್ಕೊಳ್ದಿದ್ರೆ ಮೊಣಕಾಲು ಎಷ್ಟೂಂತ ತಡ್ಕೊಳುತ್ತೆ?”

ದರ್ಜಿಯಮ್ಮ ಸೂಜಿಯಿಂದ ತಲೆ ಎತ್ತಿದಳು. “ಒಂದೇ ಹೊಲಿಗೆ ಹಾಕಿ ಜಗ್ಗಿದ್ರೆ ಬಟ್ಟೆ ಬಿಟ್ಕೊಳುತ್ತೆ ಅಣ್ಣ. ನಂಗೆ ಗೊತ್ತಿರೋದು ಇಷ್ಟು.”

“ಏಳೋದೇನು ಮಹಾ!” ಎಂದು ಮಾವ ಮೀಸೆ ತಿರುವಿ ತಾನೇ ಕೂತ. ಮೂರು ಸಲ ಒಂಟಿಕಾಲಲ್ಲಿ ಏಳಲು ನೋಡಿದ. ಕುರ್ಚಿ ಅವನನ್ನು ಬಿಡಲಿಲ್ಲ. ಎಲ್ಲರೂ ನಕ್ಕರು. ಅವನು ಮಾತ್ರ ನಗದೆ ಮೊಣಕಾಲು ಸವರುತ್ತ ಕೂತೇ ಇದ್ದ.

“ಇಪ್ಪತ್ತೆರಡಕ್ಕೇ ನನ್ನ ಕಾಲು ಹೋಯ್ತು,” ಎಂದ. “ನಮ್ಮ ಕೋಚೂ ಇದೇ ಕಾಯ್ದೆ ಇಟ್ಟಿದ್ರು. ನಾನು ಹಣೆಬರಹ ಅಂದ್ಕೊಂಡಿದ್ದೆ.”

ಆಮೇಲೆ ಅಕ್ಕನತ್ತ ತಿರುಗಿ ಕೇಳಿದ: “ಎಲ್ಲಿಂದ ಶುರು ಮಾಡೋದು, ಹೇಳಮ್ಮ.”

ಆ ಕುರ್ಚಿಯಿಂದಲೇ ಶುರುವಾಯಿತು. ವಾರಕ್ಕೆ ಎರಡು ದಿನ, ನಡುವೆ ಬಿಡುವು. ಮೊದಲು ಬರೀ ಮೈಭಾರ: ಕೂತು ಏಳುವುದು, ಮೆಟ್ಟಿಲು ಹತ್ತಿ ಇಳಿಯುವುದು. ಭಂಗಿ ಸರಿಯಾದ ಮೇಲೆ ಅಕ್ಕನ ಕಣ್ಣೆದುರೇ ಸಣ್ಣ ತೂಕ. ಅದೂ ಏರಿದ್ದು ಇಷ್ಟಿಷ್ಟೇ. “ಸ್ನಾಯು ಹಿಡ್ಕೊಂಡ್ರೆ ಪರವಾಗಿಲ್ಲ, ಕೀಲು ಚುಚ್ಚಿದ್ರೆ ನಿಲ್ಸು. ಮುಚ್ಚಿಟ್ರೆ ಕಿವಿ ಹಿಂಡ್ತೀನಿ,” ಎಂದಿದ್ದಳು ಅಕ್ಕ.

ಐದನೇ ವಾರ ಮತ್ತೆ ಓಟ. ಹಳೆಯ ವೇಗ ಬರಲಿಲ್ಲ. ಹುಡುಗಿ ಅತ್ತಳು, ಆದರೆ ಬಿಡಲಿಲ್ಲ. ಹತ್ತನೇ ವಾರದ ಒಂದು ದಿನ ಸೆಕೆಂಡು ತಡವಾಗಿ ಗೆರೆ ಮುಟ್ಟಿದವಳು, ಯಾರೂ ಹೇಳದೆಯೇ ದಂಡದ ಸುತ್ತಿಗೆ ಹೊರಟುಬಿಟ್ಟಳು. ಅಭ್ಯಾಸಬಲ!

“ನಿಲ್ಲೇ! ನಿಲ್ಲೇ ಅಂದ್ರೆ!”

ಮಾವ ಓಡಿದ. ಮೂವತ್ತು ವರ್ಷದಿಂದ ಓಡದವನು, ಕುಂಟುತ್ತಲೇ ಓಡಿದ. ತಿರುವಿನಲ್ಲಿ ಅವಳ ತೋಳು ಹಿಡಿದು ಏದುಸಿರು ಬಿಟ್ಟ. “ಇವತ್ತಿಗೆ ಸಾಕು. ಹೋಗಿ ಮಲ್ಕೋ. ಆ ಕಾಯ್ದೆ ನನ್ನ ಕಾಲಿಗೇ ಕೊನೆ.”

ಆಯ್ಕೆ ಓಟದಲ್ಲಿ ನೂರು ಮೀಟರ್ ಉಳಿದಾಗ ಅವಳು ಆರನೆಯವಳು. ಮುಂದಿನವರ ಹೆಜ್ಜೆ ಕುಸಿಯತೊಡಗಿತು, ಅವಳದು ಕುಸಿಯಲಿಲ್ಲ. ನಾಲ್ಕನೆಯವಳಾಗಿ ಗೆರೆ ದಾಟಿದಳು. ಬೇಕಿದ್ದುದೂ ಅಷ್ಟೇ.

ಅಂದು ಸಂಜೆ ದರ್ಜಿಯಮ್ಮ ಯಂತ್ರ ನಿಲ್ಲಿಸಿ ಕಿವಿಗೊಟ್ಟಳು. ಮಗಳು ದಡದಡನೆ ಎರಡೆರಡು ಮೆಟ್ಟಿಲು ಹಾರಿ ಮೇಲೆ ಬರುತ್ತಿದ್ದಳು.

ಓಡುವ ಮಕ್ಕಳೇ, ನೋವಿಗೆ ಎಲಾಸ್ಟಿಕ್ ಕಟ್ಟಿ ಮುಚ್ಚಿಡಬೇಡಿ, ಬಾಯಿಬಿಟ್ಟು ಹೇಳಿ. ಕೋಚ್‌ಗಳೇ, ನಾಳೆ ಮೈದಾನಕ್ಕೆ ಸ್ಟಾಪ್‌ವಾಚಿನ ಜೊತೆ ಒಂದು ಕುರ್ಚಿಯನ್ನೂ ಒಯ್ಯಿರಿ. ಮಕ್ಕಳನ್ನು ಒಂಟಿಕಾಲಲ್ಲಿ ಎಬ್ಬಿಸಿ ನೋಡಿ. ಮೊಣಕಾಲು ನಡುಗಿದರೆ ಬಲ್ಲವರನ್ನು ಕೇಳಿ, ಮೊದಲು ಬಲ ಕೊಡಿ. ಸುತ್ತು ಆಮೇಲೆ ಓಡಿಸಬಹುದು.